ಸ್ಪೋರ್ಟ್ಸ್ ಕೂಪೆಯ ಬದಲಿ ಚಕ್ರಗಳು: ಆಯ್ಕೆ ಮತ್ತು ಜೋಡಣೆ

ಕಾರ್ಖಾನೆಯಿಂದ ಕಾರಿನೊಡನೆ ಬಂದ ಚಕ್ರಗಳನ್ನು ಬಿಚ್ಚಿಟ್ಟು ಬೇರೊಂದು ಕಂಪನಿಯ ಚಕ್ರಗಳನ್ನು ಕೂರಿಸುವ ರೂಢಿ ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆಗಳ ಒಡೆಯರಲ್ಲಿ ಬಹಳ ವ್ಯಾಪಕವಾಗಿದೆ. ಹೀಗೆ ಹಾಕಿಸುವವು ಬಹುಮಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳು. ಆಡುಮಾತಿನಲ್ಲಿ ಅಲಾಯ್ ವೀಲ್. ಅಗಲವಾದ ಟೈರಿಗೆ ಜಾಗ ಮಾಡಿಕೊಳ್ಳುವುದು, ತೂಕ ಇಳಿಸುವುದು, ದೊಡ್ಡ ಬ್ರೇಕಿಗೆ ಎಡೆ ಕೊಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಕಾರಿನ ಚೆಲುವು ಹೆಚ್ಚಿಸುವುದು ಇದರ ಉದ್ದೇಶಗಳು. ಕೊಳ್ಳುವವರು ಸಾಮಾನ್ಯವಾಗಿ ಕೊನೆಯ ಉದ್ದೇಶದಿಂದ ಶುರುಮಾಡುತ್ತಾರೆ. ಮೊದಲು ಸ್ಪೋಕುಗಳ ವಿನ್ಯಾಸ ಮೆಚ್ಚುತ್ತಾರೆ, ಆಮೇಲೆ ಎಷ್ಟು ಇಂಚು ಎಂದು ನಿರ್ಧರಿಸುತ್ತಾರೆ, ಕೊನೆಗೆ ಅದಕ್ಕೆ ಹೊಂದುವ ಟೈರು ಹುಡುಕುತ್ತಾರೆ. ಈ ಕ್ರಮವನ್ನು ಪೂರ್ತಿ ಹಿಂದುಮುಂದು ಮಾಡಬೇಕು ಎಂಬುದು ಈ ಲೇಖನದ ನಿಲುವು. ಚಕ್ರದ ಒಂದು ಬದಿಯಲ್ಲಿ ಹಬ್ ಇದೆ, ಇನ್ನೊಂದು ಬದಿಯಲ್ಲಿ ಟೈರು ಇದೆ. ಹಬ್‌ನ ಅಳತೆ ಬದಲಾಗದು. ಟೈರಿನ ಹೊರವ್ಯಾಸ ಬಹಳ ಬದಲಾಗಕೂಡದು. ಇವೆರಡರ ನಡುವೆ ಉಳಿಯುವ ಆಯ್ಕೆಯ ಜಾಗ ಜಾಹೀರಾತುಗಳು ತೋರಿಸುವುದಕ್ಕಿಂತ ಕಿರಿದು, ಮತ್ತು ಅದರ ಎಲ್ಲೆಗಳನ್ನು ಸರಳ ಲೆಕ್ಕದಿಂದ ಮೊದಲೇ ಗುರುತಿಸಬಹುದು.

ಹಿನ್ನೆಲೆ

ಹಗುರ ಲೋಹದ ಚಕ್ರ ಅಲಂಕಾರದ ವಸ್ತುವಾಗಿ ಹುಟ್ಟಿದ್ದಲ್ಲ. 1924ರ ಬುಗಾಟಿ ಟೈಪ್ 35 ರೇಸ್ ಕಾರಿನಲ್ಲಿ ಬ್ರೇಕ್ ಡ್ರಮ್ ಸಮೇತ ಒಂದೇ ಎರಕವಾಗಿ ಬಂದ ಅಲ್ಯೂಮಿನಿಯಂ ಚಕ್ರಗಳು ತಂತಿಕಡ್ಡಿಯ ಚಕ್ರಗಳಿಗೆ ಪರ್ಯಾಯವಾದವು. 1960ರ ದಶಕದ ಬ್ರಿಟನ್ನಿನಲ್ಲಿ ಮಿನಿ ಕಾರುಗಳ ರೇಸಿಗೆಂದು ಮೆಗ್ನೀಸಿಯಂನ ಮಿನಿಲೈಟ್ ಚಕ್ರಗಳು ಬಂದವು. ಜರ್ಮನಿಯ ಶಿಲ್ಟಾಖ್ ಊರಿನಲ್ಲಿ 1970ರಲ್ಲಿ ಬಿಬಿಎಸ್, ಜಪಾನಿನಲ್ಲಿ 1973ರಲ್ಲಿ ರೇಸ್ (Rays) ಎಂಬ ಚಕ್ರ ತಯಾರಿಕಾ ಕಂಪನಿಗಳು ಆರಂಭವಾದವು. ರೇಸ್ ಕಂಪನಿ 1996ರಲ್ಲಿ ಹೊರತಂದ ಟಿಇ37 ಎಂಬ ಆರು ಸ್ಪೋಕಿನ ಚಕ್ರದ ಹೆಸರಿನಲ್ಲಿರುವ 37, ಅದರ 15 ಇಂಚಿನ ಮಾದರಿ 3.7 ಕೆ.ಜಿ. ತೂಗುತ್ತಿದ್ದುದನ್ನು ಸೂಚಿಸುತ್ತದೆ. ಚಕ್ರದ ಹೆಸರೇ ತೂಕದ ಮೇಲೆ ನಿಂತಿದ್ದುದು ಗಮನಾರ್ಹ. ರೇಸಿನ ಅಗತ್ಯದಿಂದ ರೂಪ ಪಡೆದ ವಸ್ತು ಮುಂದೆ ರೂಪಕ್ಕಾಗಿಯೇ ಮಾರಾಟವಾಗತೊಡಗಿತು. ಇಂದಿನ ಆಯ್ಕೆಯ ಗೊಂದಲಗಳಿಗೆ ಮೂಲ ಇಲ್ಲಿದೆ.

ಉದಾಹರಣೆಯ ಕಾರು

ವಿಚಾರವನ್ನು ಅಂಕಿಗಳಲ್ಲಿ ಹಿಡಿಯಲು ಒಂದು ನಿರ್ದಿಷ್ಟ ಕಾರು ಬೇಕು. 2012ರಲ್ಲಿ ಟೊಯೋಟಾ ಮತ್ತು ಸುಬಾರು ಜಂಟಿಯಾಗಿ ಹೊರತಂದ ಕೂಪೆ ಇದಕ್ಕೆ ಒಪ್ಪುತ್ತದೆ. ಟೊಯೋಟಾ 86, ಸುಬಾರು ಬಿಆರ್‌ಜಡ್, ಅಮೆರಿಕದಲ್ಲಿ ಸಯಾನ್ ಎಫ್‌ಆರ್-ಎಸ್ ಎಂಬ ಹೆಸರುಗಳಲ್ಲಿ ಮಾರಾಟವಾದ ಈ ಕಾರು ತಯಾರಾದದ್ದು ಜಪಾನಿನ ಗುನ್ಮಾ ಪ್ರಾಂತದ ಓಟಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಎರಡು ಲೀಟರಿನ ಎಂಜಿನ್, ಹಿಂಚಕ್ರ ಚಾಲನೆ, ಸುಮಾರು 1,250 ಕೆ.ಜಿ. ತೂಕ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ಹೆಚ್ಚಿನ ಮಾದರಿಗಳಿಗೆ ಕಾರ್ಖಾನೆ ಕೊಟ್ಟ ಚಕ್ರ 17 ಇಂಚು ವ್ಯಾಸ, 7 ಇಂಚು ಅಗಲ, 48 ಮಿ.ಮೀ. ಧನ ಆಫ್‌ಸೆಟ್, ಟೈರು 215/45 ಆರ್17. ಬದಲಿ ಚಕ್ರಗಳ ಮಾರುಕಟ್ಟೆಯಲ್ಲಿ ಈ ಕಾರಿಗೆ ದೊರೆಯುವಷ್ಟು ವೈವಿಧ್ಯ ಕೆಲವೇ ಕಾರುಗಳಿಗೆ ದೊರೆಯುತ್ತದೆ; ತಪ್ಪಲು ಇರುವ ದಾರಿಗಳೂ ಅಷ್ಟೇ ಇವೆ.

ಟೈರು ಮತ್ತು ವ್ಯಾಸ

ಟೈರಿನ ಮೇಲಿನ ಬರಹದಲ್ಲಿ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕದ ಗೋಡೆಯ ಎತ್ತರ, ಮೂರನೆಯದು ಇಂಚಿನಲ್ಲಿ ರಿಮ್‌ನ ವ್ಯಾಸ. 215/45 ಆರ್17 ಟೈರಿನ ಹೊರವ್ಯಾಸ ಇದರ ಪ್ರಕಾರ ಸುಮಾರು 625 ಮಿ.ಮೀ. ಜಪಾನಿನಲ್ಲಿ ಇದೇ ಕಾರಿನ ಅಗ್ಗದ ಮಾದರಿಗೆ 205/55 ಆರ್16 ಟೈರು ಇತ್ತು. ಅದರ ಹೊರವ್ಯಾಸ 632 ಮಿ.ಮೀ. ಎರಡನೆಯ ತಲೆಮಾರಿನ ಜಿಆರ್86ರ ಮೇಲ್ದರ್ಜೆಯ ಮಾದರಿಗೆ 18 ಇಂಚಿನ ಚಕ್ರ ಮತ್ತು 215/40 ಆರ್18 ಟೈರು ಬಂತು. ಅದರ ಹೊರವ್ಯಾಸ 629 ಮಿ.ಮೀ. ಕಾರ್ಖಾನೆಯವರೇ ದೊಡ್ಡ ಚಕ್ರ ಹಾಕುತ್ತಿರುವಾಗ ನಾವು ಹಾಕಿದರೇನು ಎಂಬ ಆಕ್ಷೇಪಕ್ಕೆ ಉತ್ತರ ಈ ಮೂರು ಅಂಕಿಗಳಲ್ಲೇ ಇದೆ. ರಿಮ್ 16ರಿಂದ 18 ಇಂಚಿಗೆ, ಅಂದರೆ 50 ಮಿ.ಮೀ.ಗೂ ಹೆಚ್ಚು ಬೆಳೆಯಿತು. ಟೈರಿನ ಹೊರವ್ಯಾಸ ಮಾತ್ರ 7 ಮಿ.ಮೀ. ಅಂತರದೊಳಗೆ ಉಳಿಯಿತು. ಕಾರ್ಖಾನೆ ಬದಲಿಸಿದ್ದು ರಿಮ್ ಮತ್ತು ರಬ್ಬರಿನ ಪಾಲುಗಳನ್ನು, ನೆಲದಿಂದ ಹಬ್‌ನ ಎತ್ತರವನ್ನಲ್ಲ.

ಹೊರವ್ಯಾಸ ಬದಲಾದರೆ ಗೇರುಗಳ ಎಳೆತ, ಸ್ಪೀಡೋಮೀಟರಿನ ಅಂಕಿ, ಮಡ್‌ಗಾರ್ಡಿನೊಳಗಿನ ಎಡೆ ಮೂರೂ ಒಟ್ಟಿಗೆ ಬದಲಾಗುತ್ತವೆ. 18 ಇಂಚಿನ ರಿಮ್‌ಗೆ 225/40 ಟೈರು ಹಾಕಿದರೆ ವ್ಯಾಸ 637 ಮಿ.ಮೀ., ಮೂಲಕ್ಕಿಂತ ಶೇ. 1.9 ಹೆಚ್ಚು, 235/40 ಹಾಕಿದರೆ 645 ಮಿ.ಮೀ., ಶೇ. 3.2 ಹೆಚ್ಚು. ಎರಡನೆಯದರಲ್ಲಿ ಕಾರು ನಿಜವಾಗಿ ಗಂಟೆಗೆ 103 ಕಿ.ಮೀ. ಓಡುವಾಗ, ಮೂಲ ಟೈರಿನಲ್ಲಿ 100 ಕಿ.ಮೀ.ಗೆ ತೋರಿಸುತ್ತಿದ್ದಷ್ಟನ್ನೇ ಸ್ಪೀಡೋಮೀಟರ್ ತೋರಿಸುತ್ತದೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. ತಯಾರಕರು ಇದಕ್ಕಾಗಿಯೇ ಸ್ವಲ್ಪ ಹೆಚ್ಚು ತೋರಿಸುವಂತೆ ಹೊಂದಿಸಿರುತ್ತಾರೆ. ದೊಡ್ಡ ಟೈರು ಆ ಅಂತರವನ್ನು ತಿಂದುಹಾಕುತ್ತದೆ. ಭಾರದ ಸೂಚ್ಯಂಕವನ್ನೂ ಮರೆಯುವಂತಿಲ್ಲ. 215/45 ಆರ್17 ಟೈರಿನ ಮೇಲಿನ 87 ಎಂಬ ಅಂಕಿ 545 ಕೆ.ಜಿ. ಹೊರುವ ಶಕ್ತಿ ಸೂಚಿಸಿದರೆ, 85 ಎಂದರೆ 515 ಕೆ.ಜಿ. ಪಕ್ಕದ ಗೋಡೆ ಗಿಡ್ಡವಾದಂತೆ ಒಳಗಿನ ಗಾಳಿಯ ಗಾತ್ರ ಕುಗ್ಗುತ್ತದೆ, ಹೊರುವ ಶಕ್ತಿಯೂ ಇಳಿಯುತ್ತದೆ. ಆ ಕೊರತೆಯನ್ನು ಬಲಪಡಿಸಿದ ಟೈರಿನಿಂದ, ಹೆಚ್ಚಿನ ಗಾಳಿಯೊತ್ತಡದಿಂದ ತುಂಬಿಕೊಳ್ಳಬೇಕಾಗುತ್ತದೆ.

ದೊಡ್ಡ ಬ್ರೇಕಿಗೆ ದೊಡ್ಡ ರಿಮ್ ಬೇಕೇಬೇಕು ಎಂಬ ವಾದವನ್ನೂ ಈ ಕಾರಿನಿಂದಲೇ ಪರೀಕ್ಷಿಸಬಹುದು. 2017ರಲ್ಲಿ ಅಮೆರಿಕದಲ್ಲಿ ಬಿಆರ್‌ಜಡ್ ಕಾರಿಗೆ ಬ್ರೆಂಬೊ ಬ್ರೇಕ್ ಇರುವ ಪರ್ಫಾರ್ಮೆನ್ಸ್ ಪ್ಯಾಕೇಜ್ ಬಂದಾಗ ಸುಬಾರು ಕೊಟ್ಟದ್ದು 18 ಇಂಚಿನ ಚಕ್ರವನ್ನಲ್ಲ. 17 ಇಂಚು ವ್ಯಾಸವನ್ನೇ ಉಳಿಸಿ ಅಗಲವನ್ನು ಅರ್ಧ ಇಂಚು ಹೆಚ್ಚಿಸಿದ ಚಕ್ರವನ್ನು. ಬ್ರೇಕ್ ಕ್ಯಾಲಿಪರಿಗೆ ಎಡೆ ಸಿಗುವುದು ವ್ಯಾಸವೊಂದರಿಂದಲ್ಲ, ಸ್ಪೋಕುಗಳು ಒಳಬದಿಯಲ್ಲಿ ಎಷ್ಟು ಹೊರಕ್ಕೆ ಬಾಗಿವೆ ಎಂಬುದರಿಂದಲೂ. ಒಂದೇ ಅಳತೆಯ ಎರಡು ಚಕ್ರಗಳಲ್ಲಿ ಒಂದು ಸಲೀಸಾಗಿ ಕೂತು ಇನ್ನೊಂದು ಕ್ಯಾಲಿಪರಿಗೆ ಉಜ್ಜುವುದು ಈ ಕಾರಣಕ್ಕೇ.

ಅಗಲ ಮತ್ತು ಆಫ್‌ಸೆಟ್

ಆಫ್‌ಸೆಟ್ ಎಂದರೆ ಚಕ್ರದ ಅಗಲದ ನಡುಗೆರೆಯಿಂದ, ಹಬ್‌ಗೆ ಅಂಟಿ ಕೂರುವ ಮುಖಕ್ಕಿರುವ ದೂರ. ಆ ಮುಖ ಹೊರಬದಿಗೆ ಇದ್ದರೆ ಧನ, ಒಳಬದಿಗೆ ಇದ್ದರೆ ಋಣ. ಅಗಲ ಮತ್ತು ಆಫ್‌ಸೆಟ್ ಎರಡನ್ನೂ ಸೇರಿಸಿ ಓದದೆ ಯಾವುದೊಂದರಿಂದಲೂ ಏನೂ ತಿಳಿಯದು. 7 ಇಂಚು ಅಗಲ, 48 ಆಫ್‌ಸೆಟ್‌ನ ಮೂಲ ಚಕ್ರ ಹಬ್ ಮುಖದಿಂದ ಒಳಕ್ಕೆ 137 ಮಿ.ಮೀ., ಹೊರಕ್ಕೆ 41 ಮಿ.ಮೀ. ಚಾಚುತ್ತದೆ. 8 ಇಂಚು ಅಗಲ, 45 ಆಫ್‌ಸೆಟ್‌ನ ಚಕ್ರ ಇದಕ್ಕಿಂತ ಒಳಕ್ಕೆ ಸುಮಾರು 10, ಹೊರಕ್ಕೆ 16 ಮಿ.ಮೀ. ಹೆಚ್ಚು ಚಾಚುತ್ತದೆ. ಎಂಟೂವರೆ ಇಂಚು, 45 ಆಫ್‌ಸೆಟ್ ಆದರೆ ಒಳಕ್ಕೆ 16, ಹೊರಕ್ಕೆ 22. ಒಂಬತ್ತೂವರೆ ಇಂಚು, 40 ಆಫ್‌ಸೆಟ್ ಆದರೆ ಒಳಕ್ಕೆ 24, ಹೊರಕ್ಕೆ 40. ಒಳಗಡೆ ಸಸ್ಪೆನ್ಷನ್ ಸ್ಟ್ರಟ್ ಇದೆ, ಹೊರಗಡೆ ಮಡ್‌ಗಾರ್ಡಿನ ಅಂಚಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಅನ್ವಯಿಸುತ್ತದೆ. ಮೊದಲ ಬದಲಾವಣೆ ಈ ಕಾರಿಗೆ ತಕರಾರಿಲ್ಲದೆ ಒಪ್ಪುತ್ತದೆ. ಕೊನೆಯದಕ್ಕೆ ಕ್ಯಾಂಬರ್, ಅಂದರೆ ಚಕ್ರದ ಒಳವಾಲು, ಹೆಚ್ಚಿಸಬೇಕು, ಮಡ್‌ಗಾರ್ಡಿನ ಅಂಚು ಮಡಚಬೇಕು, ಇಲ್ಲವೇ ಹೊರಗೆ ಹಿಗ್ಗಿಸಬೇಕು. ಆಗ ಚಕ್ರ ಕಾರಿಗೆ ಹೊಂದುವ ಬದಲು ಕಾರೇ ಚಕ್ರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ನಿಂತ ಕಾರಿನಲ್ಲಿ ಎಡೆ ಕಂಡರೆ ಸಾಲದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಸ್ಪ್ರಿಂಗ್ ಪೂರ್ತಿ ಅದುಮಿದಾಗ, ತಿರುವಿನಲ್ಲಿ ಟೈರು ಬದಿಗೆ ಒಲೆದಾಗಲೂ ಎಡೆ ಉಳಿಯಬೇಕು. ಆಫ್‌ಸೆಟ್ ಇಳಿದಷ್ಟೂ ಟೈರಿನ ನಡುಗೆರೆ ಹೊರಕ್ಕೆ ಸರಿಯುತ್ತದೆ. ಹಬ್‌ನ ಬೇರಿಂಗ್ ಮೇಲೆ ಭಾರದ ಸನ್ನೆ ಉದ್ದವಾಗುತ್ತದೆ, ರಸ್ತೆಯ ಏಟು ಸ್ಟೀರಿಂಗಿಗೆ ಹೆಚ್ಚು ತಲುಪುತ್ತದೆ. ಮೂಲ ಆಫ್‌ಸೆಟ್‌ನಿಂದ ನಾಲ್ಕೈದು ಮಿ.ಮೀ. ಸರಿದರೆ ಚಾಲಕನಿಗೆ ಗೊತ್ತಾಗುವುದು ಕಷ್ಟ; ಇಪ್ಪತ್ತು ಮಿ.ಮೀ. ಸರಿದರೆ ಸ್ಟೀರಿಂಗಿನ ಗುಣವೇ ಬದಲಾಗುತ್ತದೆ. ಟೈರನ್ನೂ ರಿಮ್‌ನ ಅಗಲಕ್ಕೆ ತಕ್ಕಂತೆ ಆರಿಸಬೇಕು. 225/45 ಆರ್17 ಟೈರಿಗೆ 7ರಿಂದ ಎಂಟೂವರೆ ಇಂಚಿನ ರಿಮ್ ಸಮ್ಮತ, 235/40 ಆರ್18ಕ್ಕೆ 8ರಿಂದ ಒಂಬತ್ತೂವರೆ ಇಂಚು. ಕಿರಿದಾದ ಟೈರನ್ನು ಅಗಲದ ರಿಮ್‌ಗೆ ಎಳೆದು ಕೂರಿಸುವ ಶೋಕಿಯಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಜಾರುವ ಅಪಾಯವಿದೆ. ಕಾರು ನನ್ನದು, ನೋಟವೂ ನನ್ನಿಷ್ಟ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ಪ್ರದರ್ಶನಕ್ಕಷ್ಟೇ ನಿಲ್ಲಿಸುವ ಕಾರಿನ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದು. ಸಾರ್ವಜನಿಕ ರಸ್ತೆಗಿಳಿದ ಮೇಲೆ ಟೈರು ಜಾರಿದರೆ ಪೆಟ್ಟು ಒಡೆಯನೊಬ್ಬನಿಗೇ ಬೀಳುವುದಿಲ್ಲವಾದ್ದರಿಂದ ಅಲ್ಲಿ ಅದು ನಿಲ್ಲದು.

ಹಬ್‌ನ ಅಳತೆಗಳು

ಹಬ್‌ನ ಕಡೆ ಮೂರು ಅಳತೆಗಳಿವೆ. ಮೊದಲನೆಯದು ಪಿಸಿಡಿ, ಅಂದರೆ ಸ್ಟಡ್ಡುಗಳ ಸಂಖ್ಯೆ ಮತ್ತು ಅವು ನಿಂತ ವೃತ್ತದ ವ್ಯಾಸ. ಈ ಕಾರಿನಲ್ಲಿ ಅದು 5×100. ಜಪಾನಿನ ಬಹುಪಾಲು ಸ್ಪೋರ್ಟ್ಸ್ ಕಾರುಗಳಲ್ಲಿರುವುದು 5×114.3, ಅಂದರೆ ನಾಲ್ಕೂವರೆ ಇಂಚಿನ ವೃತ್ತ. ಹಾಗಾಗಿ ಬೇರೆ ಕೂಪೆಗಳಿಗೆ ಹೇರಳವಾಗಿ ದೊರೆಯುವ ಚಕ್ರಗಳು ಇದಕ್ಕೆ ಕೂರುವುದಿಲ್ಲ. ಎರಡನೆಯದು ಸ್ಟಡ್ಡಿನ ಮರೆ (ಥ್ರೆಡ್): ಎಂ12×1.25. ಟೊಯೋಟಾ ಕಾರುಗಳಲ್ಲಿ ರೂಢಿಯಲ್ಲಿರುವುದು ಎಂ12×1.5. ಕಾರಿನ ಮೇಲೆ ಟೊಯೋಟಾ ಲಾಂಛನವಿದ್ದರೂ ಒಳಗಿನ ಹಬ್ ಸುಬಾರುವಿನದು. ಲಾಂಛನ ನೋಡಿ ನಟ್ ಕೊಂಡವರು ಸ್ಟಡ್ಡಿನ ಮರೆಯನ್ನು ಕೆಡಿಸಿಕೊಳ್ಳುವ ಸಂಭವವಿದೆ. ಮೂರನೆಯದು ನಡುವಿನ ತೂತಿನ ವ್ಯಾಸ, ಇಲ್ಲಿ 56.1 ಮಿ.ಮೀ. ಬದಲಿ ಚಕ್ರ ಮಾಡುವವರು ಒಂದೇ ಚಕ್ರ ಹಲವು ಕಾರುಗಳಿಗೆ ಆಗಲೆಂದು ಸಾಮಾನ್ಯವಾಗಿ 73.1 ಮಿ.ಮೀ. ತೂತು ಬಿಟ್ಟಿರುತ್ತಾರೆ, ಅಂತರ ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರ ಹಾಕುತ್ತಾರೆ.

ಈ ಉಂಗುರ ಬೇಕೇ ಎಂಬುದು ಹಳೆಯ ಜಗಳ. ಕಾರಿನ ಭಾರವನ್ನು ಹಬ್‌ನ ತುಟಿ ಹೊರುತ್ತದೆ, ಉಂಗುರವಿಲ್ಲದಿದ್ದರೆ ಸ್ಟಡ್ಡುಗಳು ಮುರಿಯುತ್ತವೆ ಎಂದು ಒಂದು ಪಕ್ಷ. ಶಂಕುವಿನಾಕಾರದ ನಟ್‌ಗಳೇ ಚಕ್ರವನ್ನು ನಡುವಿಗೆ ತರುತ್ತವೆ, ಉಂಗುರ ದಂಡ ಎಂದು ಇನ್ನೊಂದು ಪಕ್ಷ. ಲೆಕ್ಕ ಹಾಕಿದರೆ ಎರಡೂ ಅರ್ಧ ಸರಿ. 120 ನ್ಯೂಟನ್-ಮೀಟರಿಗೆ ಬಿಗಿದ 12 ಮಿ.ಮೀ. ಸ್ಟಡ್, ಒಣ ಮರೆಯ ಸಾಮಾನ್ಯ ಘರ್ಷಣೆಯ ಲೆಕ್ಕದಲ್ಲಿ, ಸುಮಾರು ಐದು ಟನ್ ಬಲದಿಂದ ಚಕ್ರವನ್ನು ಹಬ್‌ಗೆ ಅದುಮುತ್ತದೆ. ಐದು ಸ್ಟಡ್ಡುಗಳಿಂದ ಇಪ್ಪತ್ತೈದು ಟನ್. ಲೋಹಗಳ ನಡುವಿನ ಘರ್ಷಣೆ ಅದರ ಏಳನೇ ಒಂದು ಭಾಗವೆಂದು ಹಿಡಿದರೂ ಮೂರೂವರೆ ಟನ್. ಒಂದು ಚಕ್ರದ ಮೇಲೆ ನಿಂತಿರುವ ಭಾರ ಮುನ್ನೂರು ಚಿಲ್ಲರೆ ಕೆ.ಜಿ. ಎಂದಮೇಲೆ ಭಾರ ಹೊರುವುದು ಘರ್ಷಣೆ, ಹಬ್‌ನ ತುಟಿಯಲ್ಲ. ಉಂಗುರದ ಕೆಲಸ ಬೇರೆ: ನಟ್ ಬಿಗಿಯುವ ಹೊತ್ತಿನಲ್ಲಿ ಚಕ್ರ ಓರೆಯಾಗದಂತೆ ನಡುವಿನಲ್ಲಿ ಹಿಡಿಯುವುದು. ಅದಿಲ್ಲದೆಯೂ ಜಾಗ್ರತೆಯಿಂದ ಬಿಗಿದರೆ ಚಕ್ರ ಸರಿಯಾಗಿ ಕೂರಬಹುದು. ಆದರೆ ಹೆದ್ದಾರಿ ವೇಗದಲ್ಲಿ ಸ್ಟೀರಿಂಗ್ ನಡುಗದಿರಲು ಕಡಿಮೆ ಖರ್ಚಿನ ಭರವಸೆ ಅದೇ.

ತೂಕ

ಹಗುರ ಚಕ್ರದ ಲಾಭವನ್ನು ಉತ್ಪ್ರೇಕ್ಷಿಸುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಚಕ್ರದಲ್ಲಿ ಉಳಿಸಿದ ಒಂದು ಕೆ.ಜಿ. ಕಾರಿನಲ್ಲಿ ಉಳಿಸಿದ ನಾಲ್ಕಕ್ಕೆ, ಹತ್ತಕ್ಕೆ ಸಮ ಎಂಬ ಮಾತುಗಳಿಗೆ ಭೌತಶಾಸ್ತ್ರದ ಆಧಾರವಿಲ್ಲ. ಉರುಳುವ ವಸ್ತುವನ್ನು ಮುಂದೂಡಲು ಬೇಕಾದ ಶಕ್ತಿಯ ಜೊತೆಗೆ ತಿರುಗಿಸಲು ಬೇಕಾದ ಶಕ್ತಿಯೂ ಸೇರುತ್ತದೆ ನಿಜ. ಆದರೆ ಇಡೀ ತೂಕ ಟೈರಿನ ಹೊರ ಅಂಚಿನಲ್ಲೇ ಇದ್ದರೂ ಒಟ್ಟು ಪರಿಣಾಮ ಎರಡರಷ್ಟನ್ನು ಮೀರದು. ರಿಮ್ ಅದಕ್ಕಿಂತ ಒಳಗಿರುವುದರಿಂದ ಅದು ಸುಮಾರು 1.4ರಷ್ಟು. ಪ್ರತಿ ಚಕ್ರದಲ್ಲಿ ಎರಡು ಕೆ.ಜಿ.ಯಂತೆ ಎಂಟು ಕೆ.ಜಿ. ಉಳಿಸಿದರೆ ವೇಗವರ್ಧನೆಯ ಮಟ್ಟಿಗೆ ಹನ್ನೊಂದು ಕೆ.ಜಿ. ಉಳಿಸಿದಂತೆ, 1,250 ಕೆ.ಜಿ.ಯ ಕಾರಿನಲ್ಲಿ ಇದು ಶೇ. 1ಕ್ಕೂ ಕಡಿಮೆ. ಹಾಗಾದರೆ ಹಗುರ ಚಕ್ರ ವ್ಯರ್ಥವೇ? ಅಲ್ಲ. ಅದರ ನಿಜವಾದ ಲಾಭ ಬೇರೆ ಕಡೆ ಇದೆ. ಚಕ್ರ, ಟೈರು, ಬ್ರೇಕ್, ಹಬ್ ಇವು ಸ್ಪ್ರಿಂಗಿನ ಕೆಳಗಿರುವ ತೂಕ. ಈ ತೂಕ ಕಡಿಮೆಯಾದಷ್ಟೂ ಉಬ್ಬುತಗ್ಗಿನ ರಸ್ತೆಯಲ್ಲಿ ಟೈರು ನೆಲವನ್ನು ಬೇಗ ಮರಳಿ ಹಿಡಿಯುತ್ತದೆ, ಶಾಕ್ ಅಬ್ಸಾರ್ಬರಿನ ಕೆಲಸ ಹಗುರಾಗುತ್ತದೆ. ಮೂಲೆಯೊಂದಕ್ಕೆ ನಲವತ್ತು ಕೆ.ಜಿ. ಎಂದು ಹಿಡಿದರೆ ಎರಡು ಕೆ.ಜಿ. ಉಳಿಕೆ ಶೇ. 5. ದೊಡ್ಡ ವ್ಯಾಸದ ಭಾರದ ಚಕ್ರ ಹಾಕಿದಾಗ ಇದೇ ಲೆಕ್ಕ ತಿರುಗಿ ನಷ್ಟವಾಗುತ್ತದೆ.

ತಯಾರಿಕೆ, ಪರೀಕ್ಷೆ ಮತ್ತು ಕಾನೂನು

ಕಡಿಮೆ ತೂಕಕ್ಕೆ ಬೆಲೆ ತೆರಬೇಕಾದದ್ದು ಗಟ್ಟಿತನದಲ್ಲೋ ಹಣದಲ್ಲೋ ಎಂಬುದನ್ನು ತಯಾರಿಕೆಯ ವಿಧಾನ ನಿರ್ಧರಿಸುತ್ತದೆ. ಅಚ್ಚಿಗೆ ಲೋಹ ಎರೆದು ಮಾಡುವ ಚಕ್ರ ಅಗ್ಗ. ಬಲ ಬರಲು ಲೋಹ ದಪ್ಪವಿರಬೇಕು. ಎರಕದ ಚಕ್ರದ ಹೊರಸುತ್ತನ್ನು ಬಿಸಿಯಲ್ಲಿ ತಿರುಗಿಸುತ್ತ ರೋಲರುಗಳಿಂದ ತೀಡಿ ತೆಳುಗೊಳಿಸುವ ಫ್ಲೋ ಫಾರ್ಮಿಂಗ್ ನಡುವಿನ ದಾರಿ. ಲೋಹದ ಗಟ್ಟಿಯನ್ನು ಭಾರಿ ಒತ್ತಡದಲ್ಲಿ ಅದುಮಿ ಮಾಡುವ ಫೋರ್ಜ್ಡ್ ಚಕ್ರ ಎಲ್ಲಕ್ಕಿಂತ ಬಲವಾದದ್ದು, ದುಬಾರಿಯಾದದ್ದು. ಹೆಸರಾಂತ ವಿನ್ಯಾಸಗಳ ಅಗ್ಗದ ನಕಲುಗಳು ಇದೇ ಕಾರಣಕ್ಕೆ ಚರ್ಚೆಗೆ ಬರುತ್ತವೆ. ವರ್ಷಗಟ್ಟಲೆ ಓಡಿಸಿದರೂ ಏನೂ ಆಗಿಲ್ಲ ಎಂಬುದು ನಕಲುಗಳ ಪರವಾದ ಮಾತು. ಲೋಹದ ದಣಿವು ಕಣ್ಣಿಗೆ ಕಾಣದೆ ಕೂಡುತ್ತ ಹೋಗಿ ಒಂದು ದಿನ ಬಿರುಕಾಗುವ ಗುಣದ್ದಾದ್ದರಿಂದ ಮುರಿಯದಿರುವುದು ಬಲಕ್ಕೆ ಪುರಾವೆಯಾಗದು. ಪುರಾವೆ ಸಿಗುವುದು ಪರೀಕ್ಷೆಯಿಂದ. ಜಪಾನಿನ ಜೆಡಬ್ಲ್ಯುಎಲ್ ಮಾನದಂಡದಲ್ಲಿ ಚಕ್ರವನ್ನು ಬಾಗಿಸುತ್ತ ತಿರುಗಿಸುವ, ಡ್ರಮ್ಮಿನ ಮೇಲೆ ಭಾರ ಹೇರಿ ಓಡಿಸುವ, 13 ಡಿಗ್ರಿ ಓರೆಯಲ್ಲಿಟ್ಟು ತೂಕ ಬೀಳಿಸುವ ಪರೀಕ್ಷೆಗಳಿವೆ. ಜೆಡಬ್ಲ್ಯುಎಲ್ ಗುರುತನ್ನು ತಯಾರಕರೇ ಹಾಕಿಕೊಳ್ಳಬಹುದು. ಅದರ ಜೊತೆಗೆ ವಿಐಎ ಗುರುತಿದ್ದರೆ ಬೇರೊಂದು ಸಂಸ್ಥೆ ಪರೀಕ್ಷಿಸಿದೆ ಎಂದರ್ಥ. ಭಾರತದಲ್ಲಿ ಎಐಎಸ್-073 ಮಾನದಂಡವಿದೆ. ಗುರುತಿನ ಜೊತೆಗೆ ಚಕ್ರ ಎಷ್ಟು ಭಾರಕ್ಕೆ ಪರೀಕ್ಷೆಯಾಗಿದೆ ಎಂಬುದನ್ನೂ ನೋಡಬೇಕು. ಆ ಅಂಕಿ ಕಾರಿನ ಒಂದು ಆಕ್ಸಲ್ ಮೇಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆಯಿರಬಾರದು.

ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಪ್ರತಿ ಚಕ್ರಕ್ಕೂ ಯಾವ ಕಾರಿಗೆ ಯಾವ ಷರತ್ತಿನಲ್ಲಿ ಹೊಂದುತ್ತದೆ ಎಂಬ ದಾಖಲೆ ಬೇಕು. ಜಪಾನಿನಲ್ಲಿ 2017ರ ತಿದ್ದುಪಡಿಯ ನಂತರ ಟೈರಿನ ಪಕ್ಕ ಮಡ್‌ಗಾರ್ಡಿನಿಂದ 10 ಮಿ.ಮೀ.ಗಿಂತ ಕಡಿಮೆ ಹೊರಬಂದರೆ ಸಮ್ಮತ. ರಿಮ್ ಆಗಲಿ ನಟ್ ಆಗಲಿ ಹೊರಬರುವಂತಿಲ್ಲ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ತಯಾರಕರು ಅದೇ ಕಾರಿನ ಯಾವುದಾದರೂ ಮಾದರಿಗೆ ಕೊಟ್ಟಿರುವ ಅಳತೆಗೆ ಹತ್ತಿರ ಉಳಿದರೆ ಎಂಜಿನಿಯರಿಂಗ್ ಮತ್ತು ಕಾನೂನು ಎರಡರಲ್ಲೂ ತೊಡಕು ಕಡಿಮೆ.

ಜೋಡಣೆ

ಸರಿಯಾದ ಚಕ್ರವೂ ತಪ್ಪು ಜೋಡಣೆಯಿಂದ ಕೆಡುತ್ತದೆ. ಹಬ್‌ನ ಮುಖದ ತುಕ್ಕನ್ನು ತಂತಿಬ್ರಶ್‌ನಿಂದ ಉಜ್ಜಿ ತೆಗೆಯಬೇಕು. ತುಕ್ಕಿನ ಹಕ್ಕಳೆಯ ಮೇಲೆ ಕೂತ ಚಕ್ರ ಓರೆಯಾಗಿ ತಿರುಗುತ್ತದೆ, ಹಕ್ಕಳೆ ಪುಡಿಯಾದಾಗ ನಟ್ ಸಡಿಲಾಗುತ್ತದೆ. ನಟ್‌ನ ತಳ ಚಕ್ರದ ಕುಳಿಯ ಆಕಾರಕ್ಕೆ ಸರಿಹೊಂದಬೇಕು: ಬದಲಿ ಚಕ್ರಗಳಲ್ಲಿ ಬಹುಮಟ್ಟಿಗೆ 60 ಡಿಗ್ರಿ ಶಂಕು, ಕೆಲವು ಕಾರ್ಖಾನೆ ಚಕ್ರಗಳಲ್ಲಿ ಗೋಲ ಅಥವಾ ಚಪ್ಪಟೆ. ಹಳೆಯ ನಟ್‌ಗಳನ್ನೇ ಹಾಕಿದರೆ ಅವು ಅಂಚಿನ ಗೆರೆಯಲ್ಲಷ್ಟೇ ತಾಗಿ ನಿಲ್ಲಬಹುದು. ಮರೆ ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ಹಿಡಿಯಬೇಕು, ಎಂ12×1.25ಕ್ಕೆ ಇದು ಸುಮಾರು ಹತ್ತು ಸುತ್ತು. ಹಬ್ ಮತ್ತು ಚಕ್ರದ ನಡುವೆ ಸ್ಪೇಸರ್ ಹಾಕಿ ಸ್ಟಡ್ ಉದ್ದಮಾಡದೆ ಬಿಟ್ಟರೆ ಈ ಲೆಕ್ಕ ತಪ್ಪುತ್ತದೆ. ಮೊದಲು ಕೈಯಿಂದ, ನಂತರ ನಕ್ಷತ್ರದ ಕ್ರಮದಲ್ಲಿ, ಕೊನೆಗೆ ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಯಬೇಕು. ಮರೆಗೆ ಗ್ರೀಸ್ ಹಚ್ಚಿದರೆ ಘರ್ಷಣೆ ಇಳಿದು ಅದೇ ಟಾರ್ಕಿಗೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ಕೈಪಿಡಿಯ ಅಂಕಿ ಒಣ ಮರೆಯದು. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ಪರೀಕ್ಷಿಸುವುದು ಅಗತ್ಯ, ಏಕೆಂದರೆ ಹೊಸ ಚಕ್ರದ ಬಣ್ಣ ಮತ್ತು ಲೋಹದ ಮೇಲ್ಮೈ ಒತ್ತಡಕ್ಕೆ ತುಸು ಕುಸಿಯುತ್ತವೆ.

ಇಷ್ಟೆಲ್ಲ ಎಲ್ಲೆಗಳನ್ನು ಹಾಕಿದರೆ ಬದಲಿ ಚಕ್ರದ ಸಂತೋಷವೇ ಉಳಿಯದು, ಕಾರ್ಖಾನೆಯ ಚಕ್ರವನ್ನೇ ಇಟ್ಟುಕೊಳ್ಳಬಹುದಲ್ಲ ಎಂಬುದು ಕೊನೆಯ ಆಕ್ಷೇಪ. ಕಾರ್ಖಾನೆಯ ಚಕ್ರ ಅಂತಿಮ ಸತ್ಯವೇನಲ್ಲ. ಬೆಲೆ, ಶಬ್ದ, ಇಂಧನ ಮಿತವ್ಯಯ, ಸಾಮಾನ್ಯ ಚಾಲಕನ ಸುರಕ್ಷತೆ ಇವೆಲ್ಲದರ ನಡುವಣ ರಾಜಿ ಅದು. ಟೊಯೋಟಾ 86ಕ್ಕೆ ಬಂದ ಮಿಶೆಲಿನ್ ಪ್ರೈಮಸಿ ಎಚ್‌ಪಿ ಟೈರು ರೇಸಿನದಲ್ಲ, ದಿನಬಳಕೆಯದು. ಕಡಿಮೆ ವೇಗದಲ್ಲೇ ಕಾರಿನ ಹಿಂಭಾಗ ಹದವಾಗಿ ಜಾರಬೇಕೆಂಬ ಉದ್ದೇಶಕ್ಕೆ ಅದು ಹೊಂದುತ್ತಿತ್ತು. ಟ್ರ್ಯಾಕಿನಲ್ಲಿ ಹೆಚ್ಚು ಹಿಡಿತ ಬೇಕೆನ್ನುವ ಒಡೆಯನ ಉದ್ದೇಶ ಬೇರೆ, ಅವನ ಚಕ್ರವೂ ಬೇರೆಯಾಗುವುದು ನ್ಯಾಯ. ಅಂಥವನಿಗೆ 17 ಇಂಚು ವ್ಯಾಸ, 8 ಇಂಚು ಅಗಲ, 45 ಆಫ್‌ಸೆಟ್‌ನ ಹಗುರ ಚಕ್ರ ಮತ್ತು 225/45 ಟೈರು ಮೂಲಕ್ಕಿಂತ ಮೇಲು. ಹೊರವ್ಯಾಸದ ಏರಿಕೆ ಶೇ. 1.4 ಮಾತ್ರ. ಉದ್ದೇಶದಿಂದ ಟೈರು, ಟೈರಿನಿಂದ ವ್ಯಾಸ ಮತ್ತು ಅಗಲ, ಕಾರಿನ ಎಡೆಯಿಂದ ಆಫ್‌ಸೆಟ್, ಹಬ್‌ನಿಂದ ಉಳಿದ ಅಳತೆ, ಪರೀಕ್ಷೆಯ ಗುರುತಿನಿಂದ ಬಲ: ಈ ಜರಡಿಯಲ್ಲಿ ಸೋಸಿದ ಮೇಲೂ ಈ ಕಾರಿಗೆ ಹತ್ತಾರು ವಿನ್ಯಾಸಗಳು ಉಳಿಯುತ್ತವೆ. ಅವುಗಳಲ್ಲಿ ಯಾವುದು ಚೆಂದ ಎಂಬ ಪ್ರಶ್ನೆಗೆ ಲೆಕ್ಕ ಉತ್ತರಿಸುವುದಿಲ್ಲ, ಉತ್ತರಿಸಬೇಕಾಗಿಯೂ ಇಲ್ಲ. ಅಲ್ಲಿಂದಾಚೆಗಿನ ತೀರ್ಮಾನ ಒಡೆಯನ ಕಣ್ಣಿಗೆ ಬಿಟ್ಟದ್ದು.